ಹೊರಗಿನ ವಕೀಲರಿಗೆ ಫೀಸು: ಗಂಟೆ ಲೆಕ್ಕವೋ, ಹಂತದ ಲೆಕ್ಕವೋ, ರಿಟೇನರೋ?

ಮಾರ್ಚ್ ಹತ್ತಿರ ಬಂತು ಅಂದರೆ ಫೈನಾನ್ಸ್‌ನವರಿಂದ ಲೀಗಲ್ ವಿಭಾಗಕ್ಕೆ ಒಂದು ಪ್ರಶ್ನೆ ಬಂದೇ ಬರುತ್ತದೆ. ವಕೀಲರ ಖರ್ಚು ಈ ಸಲವೂ ಬಜೆಟ್ ಮೀರಿದ್ದು ಯಾಕೆ? ಜೊತೆಗೆ ಒಂದು ಸಲಹೆಯೂ ಇರುತ್ತದೆ: ಕಡಿಮೆ ರೇಟಿನ ಫರ್ಮ್ ಯಾವುದಾದರೂ ಹುಡುಕಿ. ಬೆಂಗಳೂರಿನ ಮಧ್ಯಮ ಗಾತ್ರದ ಕಂಪನಿಗಳಲ್ಲಿ ಇದೇ ಕೆಲಸ ಮಾಡಿಕೊಂಡು ಬಂದಿರುವ ನಾನು ಈ ಸಲಹೆಯನ್ನು ಒಪ್ಪುವುದಿಲ್ಲ. ರೇಟಿನಿಂದ ಬಿಲ್ ಏರುವುದು ಕಡಿಮೆ. ಕೆಲಸಕ್ಕೆ ಹೊಂದದ ಫೀಸಿನ ಪದ್ಧತಿಯಿಂದ ಏರುವುದೇ ಜಾಸ್ತಿ. ಚೆಕ್ ಬೌನ್ಸ್ ಕೇಸಿಗೆ ಗಂಟೆ ಲೆಕ್ಕ ಒಪ್ಪಿಕೊಂಡರೆ, ಎಲ್ಲಿಗೆ ಹೋಗಿ ಮುಟ್ಟುತ್ತದೋ ಗೊತ್ತಿಲ್ಲದ ವ್ಯಾಜ್ಯಕ್ಕೆ ಒಂದೇ ಮೊತ್ತ ಒಪ್ಪಿಕೊಂಡರೆ ದುಡ್ಡೂ ಹೋಗುತ್ತದೆ, ವಕೀಲರ ಜೊತೆ ಮನಸ್ತಾಪವೂ ಆಗುತ್ತದೆ. ಹಾಗಾಗಿ ಈ ಬರಹದಲ್ಲಿ ಫೀಸಿನ ಪದ್ಧತಿಗಳನ್ನೇ ಹೆಚ್ಚು ಹೋಲಿಸಿದ್ದೇನೆ. ಯಾವ ಫರ್ಮ್ ಅನ್ನುವುದು ಆಮೇಲಿನ ಮಾತು.

ಮೊದಲು, ಹೊರಗೆ ಹೋಗಲೇಬೇಕಾದ ಕೆಲಸ ಯಾವುದು?

ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 49ರ ಪ್ರಕಾರ, ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದವರು ವಕೀಲಿ ವೃತ್ತಿ ನಡೆಸುವಂತಿಲ್ಲ. ನಾವು ಎಷ್ಟೇ ಓದಿರಲಿ, ಕಂಪನಿಯ ಪರವಾಗಿ ಸಿವಿಲ್ ಕೋರ್ಟಿನಲ್ಲೋ ಹೈಕೋರ್ಟಿನಲ್ಲೋ ವಾದ ಮಾಡಲು ಹೊರಗಿನ ವಕೀಲರು ಬೇಕೇ ಬೇಕು.

ಆದರೆ ಎಲ್ಲ ಕಡೆಯೂ ಹೀಗಿಲ್ಲ. ಜಿಎಸ್‌ಟಿ ಮತ್ತು ಆದಾಯ ತೆರಿಗೆ ಅಧಿಕಾರಿಗಳ ಮುಂದೆ ಕಂಪನಿಯ ಕಾಯಂ ನೌಕರರೇ ಅಧಿಕೃತ ಪ್ರತಿನಿಧಿಯಾಗಿ ಹೋಗಬಹುದು. ಕಂಪನಿ ಕಾಯ್ದೆಯ ವಿಚಾರಗಳಲ್ಲಿ ಎನ್‌ಸಿಎಲ್‌ಟಿ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಮುಂದೆ ಕಂಪನಿ ಸೆಕ್ರೆಟರಿ, ಚಾರ್ಟರ್ಡ್ ಅಕೌಂಟೆಂಟ್ ಕೂಡ ಹಾಜರಾಗಬಹುದು. ಸಣ್ಣ ನೋಟಿಸಿಗೂ ದೊಡ್ಡ ಫರ್ಮಿಗೆ ಫೋನ್ ಮಾಡುವ ಅಭ್ಯಾಸ ಇದ್ದರೆ, ಮೊದಲು ಅದನ್ನು ನಿಲ್ಲಿಸಿ. ಮಾಮೂಲಿ ಸರಬರಾಜು ಒಪ್ಪಂದ, ಗೋಪ್ಯತಾ ಒಪ್ಪಂದ, ಬಾಡಿಗೆ ಕರಾರು, ಬಾಕಿ ವಸೂಲಿಯ ಮೊದಲ ಪತ್ರ, ಇವೆಲ್ಲ ಒಳಗೇ ಮುಗಿಯಬೇಕಾದ ಕೆಲಸ.

ಇದಕ್ಕೆ ವಿರುದ್ಧ ದಿಕ್ಕಿನ ಮಾತೂ ಒಂದಿದೆ. 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಕೀಲರು ಮತ್ತು ಕಕ್ಷಿದಾರರ ಮಾತುಕತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 132 ಕೊಡುವ ಗೋಪ್ಯತೆಯ ರಕ್ಷಣೆ, ಸಂಬಳಕ್ಕಿರುವ ಇನ್‌ಹೌಸ್ ವಕೀಲರಿಗೆ ಅನ್ವಯವಾಗುವುದಿಲ್ಲ ಎಂದಿತು. ಅಂದರೆ ಎಂ.ಡಿ. ನಿಮಗೆ ಕಳಿಸಿದ ಇಮೇಲ್‌ಗೂ ಹೊರಗಿನ ವಕೀಲರಿಗೆ ಕಳಿಸಿದ ಇಮೇಲ್‌ಗೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸ ಇದೆ. ಒಳಗೇ ನಡೆದ ವಂಚನೆಯ ತನಿಖೆ, ಕ್ರಿಮಿನಲ್ ದೂರು ಬರಬಹುದಾದ ವಿಚಾರ, ಪಾಲುದಾರರ ಜಗಳ, ಇಂಥವನ್ನು ಖರ್ಚು ಉಳಿಸಲು ಒಳಗೇ ಇಟ್ಟುಕೊಳ್ಳಬೇಡಿ. ಮೊದಲ ದಿನದಿಂದಲೇ ಹೊರಗಿನ ವಕೀಲರನ್ನು ತನ್ನಿ.

ದೊಡ್ಡ ಫರ್ಮ್, ಸಣ್ಣ ಫರ್ಮ್, ಒಬ್ಬರೇ ವಕೀಲರು

ಕಂಪನಿ ಕೊಳ್ಳುವ ವ್ಯವಹಾರ, ಹೊರದೇಶದ ಹೂಡಿಕೆ, ಹತ್ತಾರು ಕಾಯ್ದೆಗಳು ಒಟ್ಟಿಗೆ ಬರುವ ಕೆಲಸಕ್ಕೆ ದೊಡ್ಡ ಫರ್ಮ್ ಸರಿ. ಅಲ್ಲಿ ತೆರಿಗೆಯವರು, ಸ್ಪರ್ಧಾ ಕಾನೂನಿನವರು, ಜಮೀನು ದಾಖಲೆ ನೋಡುವವರು ಒಂದೇ ಸೂರಿನಡಿ ಸಿಗುತ್ತಾರೆ. ವಾರದೊಳಗೆ ಸಾವಿರ ಪುಟ ಓದಿ ವರದಿ ಕೊಡುವ ಜನಬಲ ಅವರಿಗಿದೆ. ಆದರೆ ಇಂಥ ಕಡೆ ಒಂದನ್ನು ಖಚಿತ ಮಾಡಿಕೊಳ್ಳಿ. ಮೊದಲ ಮೀಟಿಂಗಿನಲ್ಲಿ ಮಾತಾಡಿದ ಪಾರ್ಟ್ನರ್ ನಿಮ್ಮ ಕೆಲಸ ಮಾಡುತ್ತಾರೋ, ಇಲ್ಲ ಮೂರು ವರ್ಷ ಅನುಭವದ ಅಸೋಸಿಯೇಟ್ ಮಾಡುತ್ತಾರೋ? ಅಸೋಸಿಯೇಟ್ ಮಾಡಿದರೆ ತಪ್ಪೇನಿಲ್ಲ. ಯಾರು ಅಂತ ಹೆಸರು ಹಾಕಿಸಿಕೊಳ್ಳಿ.

ಕಾರ್ಮಿಕ ವ್ಯಾಜ್ಯ, ಟ್ರೇಡ್‌ಮಾರ್ಕ್, ರಿಯಲ್ ಎಸ್ಟೇಟ್, ಇಂಥ ಒಂದೇ ವಿಷಯದಲ್ಲಿ ಪಳಗಿದ ಸಣ್ಣ ಫರ್ಮುಗಳು ನನ್ನ ಅನುಭವದಲ್ಲಿ ಮಧ್ಯಮ ಕಂಪನಿಗಳಿಗೆ ಅತಿ ಹೆಚ್ಚು ಹೊಂದುತ್ತವೆ. ಫೋನ್ ಮಾಡಿದರೆ ಪಾರ್ಟ್ನರೇ ಎತ್ತುತ್ತಾರೆ.

ಜಿಲ್ಲೆಯ ಕೋರ್ಟಿನ ಕೆಲಸಕ್ಕೆ ಸ್ಥಳೀಯ ವಕೀಲರಿಗಿಂತ ಒಳ್ಳೆಯ ಆಯ್ಕೆ ಇಲ್ಲ. ಬಳ್ಳಾರಿಯಲ್ಲೋ ಹುಬ್ಬಳ್ಳಿಯಲ್ಲೋ ಕೇಸಿದ್ದರೆ ಬೆಂಗಳೂರಿನಿಂದ ಪ್ರತಿ ವಾಯಿದೆಗೂ ಒಬ್ಬರನ್ನು ಕಳಿಸಿ ಕಾರು, ಹೋಟೆಲ್ ಖರ್ಚು ಕೊಡುವುದು ಸುಮ್ನೆ ದಂಡ. ಹೈಕೋರ್ಟಿಗೆ ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ. 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾದವು, 2013ರಿಂದ ಕಾಯಂ ಆಗಿವೆ. ಅಲ್ಲಿ ಒಳ್ಳೆಯ ವಕೀಲರು ಬೆಳೆದಿದ್ದಾರೆ. ಬೆಂಗಳೂರಿನ ಫರ್ಮಿಗೆ ಮುಖ್ಯ ಡ್ರಾಫ್ಟಿಂಗ್ ಕೊಟ್ಟು, ಹಾಜರಾತಿ ಮತ್ತು ಸಾಕ್ಷಿ ವಿಚಾರಣೆಯನ್ನು ಅಲ್ಲಿನವರಿಗೇ ಕೊಡುವುದು ಚೆನ್ನಾಗಿ ನಡೆಯುತ್ತದೆ. ಆದರೆ ಇಬ್ಬರಿಗೂ ಒಂದೇ ಕೆಲಸದ ಫೀಸು ಹೋಗದಂತೆ ಯಾರದು ಏನು ಅಂತ ಮೊದಲೇ ಬರೆದಿಡಬೇಕು.

ಸುಪ್ರೀಂ ಕೋರ್ಟಿಗೆ ಹೋದರೆ ಪದರಗಳು ಜಾಸ್ತಿ. ಅಲ್ಲಿ ಅರ್ಜಿ ಫೈಲ್ ಮಾಡಲು ಅಡ್ವೊಕೇಟ್ ಆನ್ ರೆಕಾರ್ಡ್, ಅಂದರೆ ಆ ಕೋರ್ಟಿನಲ್ಲಿ ಅದಕ್ಕೆಂದೇ ನೋಂದಾಯಿಸಿಕೊಂಡ ವಕೀಲರು, ಬೇಕು. ಹಿರಿಯ ವಕೀಲರು, ಅಂದರೆ ಸೀನಿಯರ್ ಅಂತ ನಾಮನಿರ್ದೇಶನ ಆದವರು, ವಕಾಲತ್ತು ಹಾಕುವಂತಿಲ್ಲ. ಅವರ ಜೊತೆ ಇನ್ನೊಬ್ಬ ವಕೀಲರು ಇರಲೇಬೇಕು. ಫರ್ಮ್, ಅಡ್ವೊಕೇಟ್ ಆನ್ ರೆಕಾರ್ಡ್, ಸೀನಿಯರ್, ಮೂವರಿಗೂ ಬೇರೆ ಬೇರೆ ಫೀಸು. ಇದರ ಜೊತೆ ಅನುವಾದದ ಖರ್ಚು. ಕೆಳಗಿನ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ, ಪಹಣಿ, ಕ್ರಯಪತ್ರ ಎಲ್ಲ ಕನ್ನಡದಲ್ಲಿರುತ್ತವೆ. ದೆಹಲಿಗೆ ಹೋಗುವಾಗ ಪುಟಕ್ಕಿಷ್ಟು ಅಂತ ಕೊಟ್ಟು ಇಂಗ್ಲಿಷಿಗೆ ಮಾಡಿಸಬೇಕು. ಬಜೆಟ್ ಹಾಕುವಾಗ ಇದನ್ನು ಮರೆಯುವವರೇ ಹೆಚ್ಚು.

ಇನ್ನು ಜಾಹೀರಾತು ನೋಡಿ ವಕೀಲರನ್ನು ಆರಿಸಲು ನಮ್ಮಲ್ಲಿ ಆಗುವುದಿಲ್ಲ. ಬಾರ್ ಕೌನ್ಸಿಲ್ ನಿಯಮ 36 ಅದಕ್ಕೆ ಅವಕಾಶ ಕೊಡುವುದಿಲ್ಲ. ಬೇರೆ ಕಂಪನಿಯ ಲೀಗಲ್ ವಿಭಾಗದವರನ್ನು ಕೇಳುವುದೇ ದಾರಿ. ಕೇಳುವಾಗ ‘ಅವರು ಹೇಗೆ’ ಅನ್ನಬೇಡಿ. ‘ನಿಮ್ಮ ಕೇಸು ಸೋತಾಗ ಅವರು ಹೇಗೆ ನಡೆದುಕೊಂಡರು’ ಅಂತ ಕೇಳಿ. ಉತ್ತರದಲ್ಲಿ ಬೇಕಾದ್ದೆಲ್ಲ ಸಿಗುತ್ತದೆ.

ಗಂಟೆ ಲೆಕ್ಕ

ಅಮೆರಿಕದಲ್ಲಿ ವಕೀಲರ ಸಂಘಗಳು ಕನಿಷ್ಠ ಫೀಸಿನ ಪಟ್ಟಿ ಹೊರಡಿಸುವ ಪದ್ಧತಿ ಇತ್ತು. 1975ರಲ್ಲಿ ಗೋಲ್ಡ್‌ಫಾರ್ಬ್ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಆ ಮೇಲೆ ಗಂಟೆ ಲೆಕ್ಕ ಇನ್ನಷ್ಟು ಬೇರೂರಿತು. ನಮ್ಮಲ್ಲಿ ದೊಡ್ಡ ಫರ್ಮುಗಳ ಮೂಲಕ ಬಂದು ನೆಲೆಸಿದೆ.

ಈ ಪದ್ಧತಿಯಲ್ಲಿ ಅನಿಶ್ಚಿತತೆಯ ಭಾರ ಪೂರ್ತಿ ಕಂಪನಿಯ ಮೇಲೆ. ಕೆಲಸ ಬೆಳೆದರೆ ಬಿಲ್ ಬೆಳೆಯುತ್ತದೆ. ಹಾಗಂತ ಇದು ಕೆಟ್ಟ ಪದ್ಧತಿ ಅಲ್ಲ. ನಿಯಂತ್ರಕ ಸಂಸ್ಥೆಯಿಂದ ದಿಢೀರ್ ನೋಟಿಸ್ ಬಂದಾಗ, ಒಳತನಿಖೆ ಶುರುವಾದಾಗ, ಎದುರಿನವರ ಜೊತೆ ಒಪ್ಪಂದದ ಮಾತುಕತೆ ಎಷ್ಟು ಸುತ್ತು ನಡೆಯುತ್ತದೋ ತಿಳಿಯದಿದ್ದಾಗ, ಪ್ರಾಮಾಣಿಕವಾದ ಲೆಕ್ಕ ಇದೊಂದೇ. ಇಂಥ ಕೆಲಸಕ್ಕೆ ಒಂದೇ ಮೊತ್ತ ಕೇಳಿದರೆ ಫರ್ಮ್ ತನ್ನ ಭಯವನ್ನೆಲ್ಲ ಸೇರಿಸಿ ದೊಡ್ಡ ಅಂಕಿ ಹೇಳುತ್ತದೆ.

ಇಲ್ಲಿ ರೇಟು ಮಾತ್ರ ಹೋಲಿಸಿದರೆ ಮೋಸ ಹೋಗುತ್ತೀರಿ. ಸುಮ್ಮನೆ ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: ಗಂಟೆಗೆ 15,000 ರೂಪಾಯಿಯ ಪಾರ್ಟ್ನರ್ ಒಂದು ಅಭಿಪ್ರಾಯವನ್ನು 2 ಗಂಟೆಯಲ್ಲಿ ಬರೆದರೆ 30,000. ಗಂಟೆಗೆ 6,000ದ ಅಸೋಸಿಯೇಟ್ 7 ಗಂಟೆ ಕೂತು ಬರೆದರೆ 42,000. ಮೇಲೆ ಪಾರ್ಟ್ನರ್ ಅದನ್ನು ತಿದ್ದಿದ ಗಂಟೆ ಬೇರೆ.

ಬಿಲ್ ಬಂದಾಗ ಸಾಲು ಸಾಲು ಓದಿ. ನಾನು ಆಗಾಗ ನೋಡುವ ಒಂದು ಸಾಲು ಹೀಗಿರುತ್ತದೆ: ‘ದಾಖಲೆ ಪರಿಶೀಲನೆ, ಕಾನೂನು ಸಂಶೋಧನೆ, ಕರಡು ತಯಾರಿ, ಕಕ್ಷಿದಾರರ ಜೊತೆ ಕಾಲ್ – 9 ಗಂಟೆ.’ ನಾಲ್ಕು ಕೆಲಸ, ಒಂದೇ ಅಂಕಿ. ಕಾಲ್ ಅರ್ಧ ಗಂಟೆ ಅಂತ ನನಗೆ ಗೊತ್ತು, ನಾನೇ ಅದರಲ್ಲಿದ್ದೆ. ಉಳಿದ ಎಂಟೂವರೆ ಗಂಟೆಯಲ್ಲಿ ಸಂಶೋಧನೆ ಎಷ್ಟು? ಕಳೆದ ವರ್ಷ ಇದೇ ಫರ್ಮ್ ಇದೇ ಪ್ರಶ್ನೆಗೆ ಅಭಿಪ್ರಾಯ ಕೊಟ್ಟಿದ್ದರೆ ಮತ್ತೆ ಸಂಶೋಧನೆ ಯಾಕೆ? ಇದನ್ನು ಕೇಳುವುದರಲ್ಲಿ ಅಗೌರವ ಏನೂ ಇಲ್ಲ. ಕೇಳಿದ ಮೇಲೆ ಒಳ್ಳೆಯ ಫರ್ಮುಗಳು ಪ್ರತಿ ಕೆಲಸಕ್ಕೂ ಬೇರೆ ಸಾಲು ಹಾಕಲು ಶುರು ಮಾಡುತ್ತವೆ. ಮೀಟಿಂಗಿಗೆ ನಾಲ್ವರು ಬಂದು ಇಬ್ಬರು ಮಾತಾಡದೆ ಕೂತಿದ್ದರೆ ಅದನ್ನೂ ಕೇಳಬೇಕು.

ಗಂಟೆ ಲೆಕ್ಕ ಒಪ್ಪಿದರೆ ಒಂದು ಮಿತಿ ಹಾಕಿಸಿ. ಇಂತಿಷ್ಟು ಮೊತ್ತದ 70 ಶೇಕಡಾ ಮುಟ್ಟಿದ ಕೂಡಲೇ ಫರ್ಮ್ ಬರೆದು ತಿಳಿಸಬೇಕು, ಮಿತಿ ದಾಟಲು ನಿಮ್ಮ ಲಿಖಿತ ಒಪ್ಪಿಗೆ ಬೇಕು, ಅಂತ ಇರಲಿ. ನನ್ನ ಪ್ರಕಾರ ಎಲ್ಲ ರಿಯಾಯಿತಿಗಿಂತ ಈ ಒಂದು ಸಾಲಿನ ಬೆಲೆ ಜಾಸ್ತಿ.

ಒಂದೇ ಮೊತ್ತ

ಕೆಲಸದ ಅಳತೆ ಮೊದಲೇ ಗೊತ್ತಿದ್ದರೆ ಇದೇ ಸರಿ. ಚೆಕ್ ಬೌನ್ಸ್ ಅತ್ಯುತ್ತಮ ಉದಾಹರಣೆ. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ ಹಣ ಕಟ್ಟಲು 15 ದಿನ, ಕಟ್ಟದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು. ಎಲ್ಲ ಕೇಸಿಗೂ ಇದೇ ದಾರಿ. 2015ರ ತಿದ್ದುಪಡಿಯ ನಂತರ, ಚೆಕ್ಕನ್ನು ನಿಮ್ಮ ಖಾತೆಗೆ ಹಾಕಿದ್ದರೆ ಆ ಖಾತೆ ಇರುವ ಶಾಖೆಯ ಊರಿನಲ್ಲೇ ದೂರು ಕೊಡಬೇಕು. ಖಾತೆ ಬೆಂಗಳೂರಿನಲ್ಲಿದ್ದರೆ ಡೀಲರ್ ಬೀದರಿನವರಾಗಲಿ ಮಂಗಳೂರಿನವರಾಗಲಿ, ಕೇಸು ಬೆಂಗಳೂರಿನಲ್ಲೇ. ಹಾಗಾಗಿ ಊರೂರಿಗೆ ವಕೀಲರು ಬೇಡ. ಒಬ್ಬರಿಗೇ ಎಲ್ಲವನ್ನೂ ಕೊಟ್ಟು, ಕೇಸಿಗಿಷ್ಟು ಅಂತ ಮಾತಾಡಿಕೊಳ್ಳಬಹುದು.

ಟ್ರೇಡ್‌ಮಾರ್ಕ್ ಅರ್ಜಿ, ನೋಟಿಸಿಗೆ ಉತ್ತರ, ಒಂದು ಆಸ್ತಿಯ ದಾಖಲೆ ಪರಿಶೀಲನೆ, ಇವೂ ಇದೇ ಗುಂಪು. ಒಂದೇ ಎಚ್ಚರ: ಏನು ಸೇರಿದೆ ಅನ್ನುವುದಕ್ಕಿಂತ ಏನು ಸೇರಿಲ್ಲ ಅನ್ನುವುದನ್ನು ಬರೆಸಿಕೊಳ್ಳಿ.

ಹಂತ ಹಂತವಾಗಿ, ಇಲ್ಲವೇ ಹಿಯರಿಂಗ್‌ಗಿಷ್ಟು

ನಮ್ಮ ಕೋರ್ಟುಗಳಲ್ಲಿ ನಡೆಯುವ ದಾವೆಗೆ ನಾನು ಮೊದಲು ಕೇಳುವುದು ಹಂತದ ಫೀಸು. ಕಮರ್ಷಿಯಲ್ ಕೋರ್ಟಿನ ಕೇಸು ತೆಗೆದುಕೊಳ್ಳಿ. 3 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ವಾಣಿಜ್ಯ ವ್ಯಾಜ್ಯ ಅಲ್ಲಿಗೆ ಹೋಗುತ್ತದೆ. ತುರ್ತು ಮಧ್ಯಂತರ ಆದೇಶ ಬೇಡದಿದ್ದರೆ ದಾವೆಗೆ ಮುಂಚೆ ಮಧ್ಯಸ್ಥಿಕೆಗೆ (ಮೀಡಿಯೇಷನ್) ಹೋಗಲೇಬೇಕು. ಆಮೇಲೆ ವಾದಪತ್ರ. ಪ್ರತಿವಾದಿ ಉತ್ತರ ಕೊಡಲು 120 ದಿನಕ್ಕಿಂತ ಒಂದು ದಿನವೂ ಹೆಚ್ಚು ಇಲ್ಲ. ಮುಂದೆ ಇಶ್ಯೂ ಫ್ರೇಮ್ ಆಗುವುದು (ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು ಕೋರ್ಟು ಗುರುತಿಸುವುದು), ಸಾಕ್ಷ್ಯ, ಪಾಟಿಸವಾಲು, ವಾದ. ಪ್ರತಿ ಹಂತಕ್ಕೂ ಒಂದು ಅಂಕಿ. ಮಧ್ಯಸ್ಥಿಕೆಯಲ್ಲೇ ರಾಜಿಯಾದರೆ ಮುಂದಿನ ಹಂತಗಳ ದುಡ್ಡು ಉಳಿಯಿತು.

ಮೊತ್ತ ಹಂಚುವಾಗ ಬಹಳ ಕಂಪನಿಗಳು ವಾದಪತ್ರ ಫೈಲ್ ಮಾಡುವ ಹೊತ್ತಿಗೇ ಅರ್ಧಕ್ಕಿಂತ ಜಾಸ್ತಿ ಕೊಟ್ಟುಬಿಡುತ್ತವೆ. ಎರಡು ವರ್ಷದ ನಂತರ ಪಾಟಿಸವಾಲಿನ ದಿನ ಬಂದಾಗ ವಕೀಲರಿಗೆ ಸಿಗಬೇಕಾದ್ದು ಪುಡಿಗಾಸು. ಆ ದಿನ ಜೂನಿಯರ್ ಬಂದರೆ ಆಶ್ಚರ್ಯವೇನು? ಕೇಸು ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಸಾಕ್ಷಿಯ ಕಟಕಟೆಯಲ್ಲಿ. ಆದ್ದರಿಂದ ಫೀಸಿನ ಭಾರವನ್ನು ಸಾಕ್ಷ್ಯ ಮತ್ತು ವಾದದ ಕಡೆ ವಾಲಿಸಿ. ಮಧ್ಯಂತರ ಅರ್ಜಿಗಳು ಎಷ್ಟು ಬರುತ್ತವೋ ಹೇಳಲಾಗದು. ಮೊದಲ ಎರಡು ಅರ್ಜಿ ಸೇರಿವೆ, ಆಮೇಲೆ ಅರ್ಜಿಗಿಷ್ಟು, ಅಂತ ಮಾಡಿಕೊಂಡರೆ ಇಬ್ಬರಿಗೂ ನೆಮ್ಮದಿ.

ಹಿಯರಿಂಗ್‌ಗಿಷ್ಟು ಅನ್ನುವ ಲೆಕ್ಕ ನೋಡಲು ಸರಳ, ನಡೆಸಲು ಕಷ್ಟ. ಕಾಸ್ ಲಿಸ್ಟಿನಲ್ಲಿ, ಅಂದರೆ ಆ ದಿನದ ಕೇಸುಗಳ ಪಟ್ಟಿಯಲ್ಲಿ, ನಿಮ್ಮ ಕೇಸು 63ನೆಯದು ಅಂದುಕೊಳ್ಳಿ. ವಕೀಲರು ಬೆಳಿಗ್ಗೆ ಹತ್ತೂವರೆಯಿಂದ ಕಾದರು. ಸಂಜೆ ಕೋರ್ಟು ಏಳುವ ಹೊತ್ತಿಗೆ 41ನೆಯದು ನಡೆಯುತ್ತಿತ್ತು. ಬಿಲ್‌ನಲ್ಲಿ ‘ಹಾಜರಾತಿ’ ಅಂತ ಪೂರ್ತಿ ಫೀಸು. ವಕೀಲರ ದಿನ ಹೋಗಿದ್ದು ನಿಜ, ನಿಮ್ಮ ಕೇಸು ಒಂದಿಂಚೂ ಹೋಗದಿದ್ದೂ ನಿಜ. ಇದಕ್ಕೆ ದಾರಿ ಎರಡು ದರ. ಕೋರ್ಟು ನಿಜಕ್ಕೂ ವಾದ ಕೇಳಿದ ದಿನಕ್ಕೆ ಪೂರ್ತಿ, ಕೇಸು ಬರದ ಇಲ್ಲವೇ ಮುಂದೂಡಿದ ದಿನಕ್ಕೆ ಕಾಲು ಭಾಗ ಅಥವಾ ಮೂರನೇ ಒಂದು ಭಾಗ. ನಮ್ಮ ವಕೀಲರೇ ವಾಯಿದೆ ಕೇಳಿದ ದಿನಕ್ಕೆ ಫೀಸು ಇಲ್ಲ. ಆ ದಿನ ಏನಾಯಿತು ಅನ್ನುವುದಕ್ಕೆ ಕೋರ್ಟು ಪ್ರತಿ ದಿನದ ಆದೇಶ ಬರೆಯುವ ಆರ್ಡರ್ ಶೀಟೇ ಸಾಕ್ಷಿ, ಬಿಲ್ ಜೊತೆ ಅದರ ಪ್ರತಿ ಕೇಳಿ. ಸೀನಿಯರ್ ವಕೀಲರಿಗೆ ಮಾತ್ರ ಹಾಜರಾತಿ ಮತ್ತು ಕಾನ್ಫರೆನ್ಸ್ ಲೆಕ್ಕವೇ ರೂಢಿ, ಅಲ್ಲಿ ಬೇರೆ ಆಯ್ಕೆ ಸಿಗುವುದು ಅಪರೂಪ. ಅವರನ್ನು ಯಾವ ಹಿಯರಿಂಗ್‌ಗೆ ಕರೆಯಬೇಕು ಅನ್ನುವುದನ್ನು ನೀವು ತೀರ್ಮಾನಿಸಿ, ಫರ್ಮ್ ತಾನಾಗಿ ಕರೆಯದಿರಲಿ.

ರಿಟೇನರ್

ತಿಂಗಳಿಗಿಷ್ಟು ಕೊಟ್ಟು ಬೇಕಾದಾಗ ಕೇಳುವ ಏರ್ಪಾಡು. ಲೀಗಲ್ ವಿಭಾಗದಲ್ಲಿ ಒಬ್ಬರೋ ಇಬ್ಬರೋ ಇರುವ ಕಂಪನಿಗೆ ಇದು ವರ. ಫೋನ್ ಮಾಡಿದರೆ ಮೀಟರ್ ಓಡುತ್ತದೆ ಎಂಬ ಹಿಂಜರಿಕೆ ಇಲ್ಲದಿದ್ದರೆ ಸಮಸ್ಯೆಗಳು ಬೇಗ ವಕೀಲರ ಕಿವಿಗೆ ಬೀಳುತ್ತವೆ. ಬೇಗ ಬಿದ್ದರೆ ಅಗ್ಗದಲ್ಲಿ ಮುಗಿಯುತ್ತವೆ. ಆರು ತಿಂಗಳಿಗೊಮ್ಮೆ ಎಷ್ಟು ಕೆಲಸ ಕೊಟ್ಟಿದ್ದೀರಿ ಅಂತ ಪಟ್ಟಿ ಮಾಡಿ, ಕಡಿಮೆಯಾದರೆ ಮೊತ್ತ ಇಳಿಸಲು, ಹೆಚ್ಚಾದರೆ ಏರಿಸಲು ಇಬ್ಬರೂ ತಯಾರಿರಬೇಕು.

ಗೆದ್ದರೆ ಇಷ್ಟು ಪಾಲು ಅನ್ನುವ ಮಾತು

ಅಮೆರಿಕದ ಮೂಲ ಕಂಪನಿ ಇರುವ ಕಡೆ ಈ ಪ್ರಶ್ನೆ ಬರುತ್ತದೆ: ವಸೂಲಾದ ಮೊತ್ತದಲ್ಲಿ ಶೇಕಡಾವಾರು ಕೊಡೋಣವೇ? ನಮ್ಮಲ್ಲಿ ಆಗದು. ದಾವೆಯ ಫಲಿತಾಂಶಕ್ಕೆ ಕಟ್ಟಿದ ಫೀಸನ್ನು ಬಾರ್ ಕೌನ್ಸಿಲ್ ನಿಯಮ 20 ನಿಷೇಧಿಸುತ್ತದೆ. ತೆಲಂಗಾಣದ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ವಕೀಲರು ಶೇಕಡಾವಾರು ಫೀಸಿಗಾಗಿ ಕಕ್ಷಿದಾರರ ಮೇಲೆ ಚೆಕ್ ಬೌನ್ಸ್ ಕೇಸು ಹಾಕಿದ್ದರು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನೇ ರದ್ದು ಮಾಡಿತು. ಕೋರ್ಟಿನ ಹೊರಗಿನ ವ್ಯವಹಾರಗಳಲ್ಲಿ, ಡೀಲ್ ಮುರಿದುಬಿದ್ದರೆ ಫರ್ಮ್ ಬಿಲ್‌ನಲ್ಲಿ ರಿಯಾಯಿತಿ ಕೊಡುವ ಏರ್ಪಾಡು ರೂಢಿಯಲ್ಲಿದೆ. ಅದನ್ನು ಧಾರಾಳವಾಗಿ ಕೇಳಿ.

ಎಲ್ಲ ಒಂದೇ ಫರ್ಮಿಗೋ, ಹಂಚುವುದೋ?

ಅಮೆರಿಕದ ರಾಸಾಯನಿಕ ಕಂಪನಿ ಡುಪಾಂಟ್ 1990ರ ದಶಕದ ಆರಂಭದಲ್ಲಿ ಸುಮಾರು 350 ಫರ್ಮುಗಳ ಪಟ್ಟಿಯನ್ನು 40ರೊಳಗೆ ಇಳಿಸಿತು. ಫೈಜರ್ 2009ರಲ್ಲಿ ಕೆಲವೇ ಫರ್ಮುಗಳನ್ನು ಸೇರಿಸಿ ವರ್ಷಕ್ಕೆ ನಿಗದಿ ಮೊತ್ತದ ಒಕ್ಕೂಟ ಕಟ್ಟಿತು. ಲೀಗಲ್ ಮ್ಯಾನೇಜರುಗಳು ಇವತ್ತೂ ಇವೆರಡನ್ನೂ ನೆನೆಯುತ್ತಾರೆ. ಕಾರಣ ಸರಳ. ಕಡಿಮೆ ಫರ್ಮ್ ಇದ್ದರೆ ಅವರಿಗೆ ನಿಮ್ಮ ವ್ಯವಹಾರ ಗೊತ್ತಿರುತ್ತದೆ, ಪ್ರತಿ ಸಲ ಮೊದಲಿಂದ ಹೇಳಿಕೊಡಬೇಕಿಲ್ಲ, ಬೆಲೆಯ ಮಾತಿನಲ್ಲಿ ನಿಮಗೂ ತೂಕ ಬರುತ್ತದೆ.

ಮಧ್ಯಮ ಕಂಪನಿಗೆ ಒಂದೇ ಫರ್ಮ್ ಸಾಲದು, ಹತ್ತು ಜಾಸ್ತಿ. ವ್ಯವಹಾರದ ಕೆಲಸಕ್ಕೆ ಒಂದು, ದಾವೆಗೆ ಇಬ್ಬರು, ಕಾರ್ಮಿಕ ವಿಚಾರಕ್ಕೆ ಒಬ್ಬರು, ಜಿಲ್ಲೆಗಳಿಗೆ ಸ್ಥಳೀಯರು, ಇಷ್ಟು ಇದ್ದರೆ ಸಾಕು. ದಾವೆಗೆ ಇಬ್ಬರು ಬೇಕಾಗುವುದು ಹಿತಾಸಕ್ತಿಯ ತಕರಾರಿಗಾಗಿ. ಎದುರು ಪಕ್ಷವೂ ಅದೇ ಫರ್ಮಿನ ಕಕ್ಷಿದಾರ ಆಗಿದ್ದರೆ ಅವರು ನಿಮ್ಮ ಕೇಸು ಹಿಡಿಯಲಾರರು.

ಕಾಗದದಲ್ಲಿ ಏನಿರಬೇಕು

ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುವುದಿಲ್ಲ ಅಂತ 2024ರ ಮೇ 14ರಂದು ಸುಪ್ರೀಂ ಕೋರ್ಟ್ ಹೇಳಿದೆ. ಸೇವೆ ಸರಿಯಿಲ್ಲ ಅಂತ ಗ್ರಾಹಕ ಆಯೋಗಕ್ಕೆ ಹೋಗುವ ದಾರಿ ಮುಚ್ಚಿದೆ. ಆದ್ದರಿಂದ ಎಂಗೇಜ್‌ಮೆಂಟ್ ಲೆಟರ್, ಅಂದರೆ ಕೆಲಸ ಒಪ್ಪಿಸುವಾಗ ಮಾಡಿಕೊಳ್ಳುವ ಒಪ್ಪಂದದ ಪತ್ರ, ಗಟ್ಟಿಯಾಗಿರಲಿ. ಯಾರು ಕೆಲಸ ಮಾಡುತ್ತಾರೆ, ಮಿತಿ ಎಷ್ಟು, ಹಿಯರಿಂಗ್ ಆದ ಎಷ್ಟು ದಿನದಲ್ಲಿ ವರದಿ ಬರಬೇಕು, ಟೈಪಿಂಗ್, ಜೆರಾಕ್ಸ್, ಕ್ಲರ್ಕ್ ಫೀ, ಪ್ರಯಾಣ ಯಾವುದು ಸೇರಿದೆ, ಬಿಲ್ ಯಾವಾಗ ಬರಬೇಕು. ಕೆಲಸ ಮುಗಿದು ಒಂದು ವರ್ಷಕ್ಕೆ ಬಿಲ್ ಬಂದರೆ ಯಾವ ಬಜೆಟ್ಟೂ ನಿಲ್ಲದು.

ತೆರಿಗೆ ಮರೆಯಬೇಡಿ. ಕಂಪನಿಗೆ ವಕೀಲರು ಕೊಡುವ ಕಾನೂನು ಸೇವೆಗೆ ಜಿಎಸ್‌ಟಿ ರಿವರ್ಸ್ ಚಾರ್ಜ್. ಅಂದರೆ 18 ಶೇಕಡಾ ತೆರಿಗೆಯನ್ನು ಕಂಪನಿಯೇ ಸರ್ಕಾರಕ್ಕೆ ಕಟ್ಟಬೇಕು, ಅದೂ ನಗದಾಗಿ. ಸಾಮಾನ್ಯ ಕಂಪನಿಗೆ ಆಮೇಲೆ ಅದರ ಕ್ರೆಡಿಟ್ ಸಿಗುತ್ತದೆ, ಅಂದರೆ ತಾನು ಕಟ್ಟಬೇಕಾದ ಬೇರೆ ಜಿಎಸ್‌ಟಿಯಲ್ಲಿ ಅಷ್ಟನ್ನು ಕಳೆಯಬಹುದು. ಆಸ್ಪತ್ರೆ, ಶಾಲೆಯಂತೆ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವ ಸಂಸ್ಥೆಗೆ ಸಿಗುವುದಿಲ್ಲ. ಅವರಿಗೆ 10 ಲಕ್ಷದ ಕೊಟೇಶನ್ ನಿಜಕ್ಕೂ 11.8 ಲಕ್ಷ. ಫೀಸಿನಲ್ಲಿ 10 ಶೇಕಡಾ ಟಿಡಿಎಸ್ ಕಡಿದು ಕಟ್ಟುವುದು ಎಲ್ಲರಿಗೂ ಗೊತ್ತಿರುವುದೇ.

ಬಿಲ್‌ಗಳನ್ನು ಕೇಸಿನ ಪ್ರಕಾರ ಜೋಡಿಸಿಡಿ. ಕಮರ್ಷಿಯಲ್ ಕೋರ್ಟುಗಳಲ್ಲಿ ಸೋತವರು ಗೆದ್ದವರ ಖರ್ಚು ಕೊಡಬೇಕು ಅನ್ನುವುದೇ ಸಾಮಾನ್ಯ ನಿಯಮ, ಅದರಲ್ಲಿ ವಕೀಲರ ಫೀಸೂ ಸೇರಿದೆ. ಕೇಳುವಾಗ ಕೈಯಲ್ಲಿ ಹಂತವಾರು ಬಿಲ್ ಮತ್ತು ಪಾವತಿಯ ದಾಖಲೆ ಇದ್ದರೆ ವಾದಕ್ಕೆ ಬಲ.

ಇನ್ನು ನಮ್ಮ ಕಡೆಯ ಕರ್ತವ್ಯ. ಬಿಲ್ ಸರಿ ಇದ್ದರೆ 30 ದಿನದಲ್ಲಿ ದುಡ್ಡು ಹಾಕಿಸಿ. ರಿಯಾಯಿತಿಗೆ ವಾರಗಟ್ಟಲೆ ಚೌಕಾಸಿ ಮಾಡಿ, ಆಮೇಲೆ ಆರು ತಿಂಗಳು ಪಾವತಿ ತಡ ಮಾಡುವ ಕಂಪನಿಗಳನ್ನು ನೋಡಿದ್ದೇನೆ. ಅದು ಅನ್ಯಾಯ. ಸಣ್ಣ ಫರ್ಮಿನಲ್ಲಿ ಆ ದುಡ್ಡಿನಿಂದಲೇ ಜೂನಿಯರ್‌ಗಳ ಸಂಬಳ ಆಗಬೇಕು. ಸಮಯಕ್ಕೆ ದುಡ್ಡು ಕೊಡುವ ಕಂಪನಿಯ ಕೆಲಸಕ್ಕೆ ಶುಕ್ರವಾರ ಸಂಜೆ ಫೋನ್ ಮಾಡಿದರೂ ಜನ ಸಿಗುತ್ತಾರೆ, ಅಲ್ವಾ?

ವಕೀಲರನ್ನು ಬದಲಿಸುವಾಗ

ಒಮ್ಮೊಮ್ಮೆ ಹೊಂದಾಣಿಕೆ ಆಗುವುದೇ ಇಲ್ಲ. ವರದಿ ಬರುವುದಿಲ್ಲ, ವಾಯಿದೆ ತಪ್ಪುತ್ತದೆ. ಆಗ ಬದಲಿಸಿ, ಆದರೆ ಕೇಸಿನ ನಡುವೆ ಕ್ರಮವಾಗಿ ಮಾಡಿ. ಒಮ್ಮೆ ಹಾಕಿದ ವಕಾಲತ್ತು ಕೇಸು ನಡೆಯುವಾಗ ಕೋರ್ಟಿನ ಅನುಮತಿಯಿಂದಲೇ ಕೊನೆಯಾಗಬೇಕು. ರೂಢಿಯಲ್ಲಿ ಹಳೆಯ ವಕೀಲರಿಂದ ಎನ್‌ಒಸಿ (ಆಕ್ಷೇಪ ಇಲ್ಲ ಎಂಬ ಪತ್ರ) ಪಡೆದು ಹೊಸಬರು ವಕಾಲತ್ತು ಹಾಕುತ್ತಾರೆ. ಫೀಸು ಬಾಕಿ ಇದೆ ಅಂತ ಫೈಲ್ ಹಿಡಿದಿಡುವ ಹಕ್ಕು ವಕೀಲರಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲೇ ಹೇಳಿದೆ. ಆದರೂ ನಿಜವಾದ ಬಾಕಿಯನ್ನು ಮೊದಲು ಚುಕ್ತಾ ಮಾಡಿ, ತಕರಾರಿನ ಭಾಗ ಎಷ್ಟು ಅಂತ ಬೇರೆ ಪತ್ರದಲ್ಲಿ ಬರೆಯಿರಿ. ಮೂಲ ದಾಖಲೆಗಳನ್ನು ಪಟ್ಟಿ ಮಾಡಿ, ಸಹಿ ಹಾಕಿಸಿ ತೆಗೆದುಕೊಳ್ಳಿ. ಮುಂದಿನ ವಾಯಿದೆ ಯಾವಾಗ ಅಂತ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೀವೇ ನೋಡಿಕೊಳ್ಳಿ. ಆ ದಿನಕ್ಕೆ ಮುಂಚೆ ಹೊಸ ವಕಾಲತ್ತು ಫೈಲ್ ಆಗುವುದು ಅನುಮಾನ ಅನ್ನಿಸಿದರೆ, ಆ ಒಂದು ವಾಯಿದೆಗೆ ಹಳೆಯ ವಕೀಲರೇ ಹಾಜರಾಗಲಿ ಅಂತ ಬರೆದು ಕೇಳಿ, ಅದರ ಫೀಸನ್ನೂ ಕೊಡಿ.